ದಿನಾ ಎಬ್ಬಿಸಿದ ಯಂತ್ರ

ದಾದಾಪೀರನಿಗೆ ಸಿಟ್ಟೇ ಬರುವುದಿಲ್ಲ ಎಂದು ಗಜೇಂದ್ರಗಡದ ಅವನ ಓಣಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಹೋದ ವರ್ಷದವರೆಗೆ ಅದು ಖರೆಯೂ ಆಗಿತ್ತು. ರಜೆಗೆ ಊರಿಗೆ ಬಂದರೆ ಯಾರದೋ ಮಿಕ್ಸರು, ಯಾರದೋ ನೀರಿನ ಮೋಟರು ರಿಪೇರಿ ಮಾಡಿಕೊಟ್ಟು ನಗುತ್ತ ಕೂರುವ ಆಸಾಮಿ. ಈಗ ಅವನ ಮುಂದೆ ಕರೆಂಟಿನ ಮಾತು ತೆಗೆಯಲು ಜನ ಹಿಂದೆ ಮುಂದೆ ನೋಡುತ್ತಾರೆ.

ಅವನ ತಂದೆ ಕಾಶೀಂಸಾಬ ಸೂಡಿಯಲ್ಲಿ ಹೊಲದ ಬಾವಿಗಳ ಡೀಸೆಲ್ ಇಂಜಿನ್ನು ದುರಸ್ತಿ ಮಾಡುತ್ತಿದ್ದವನು. ಮಗ ಗದಗಿನಲ್ಲಿ ಐಟಿಐ ಮುಗಿಸಿ, ಇಪ್ಪತ್ನಾಲ್ಕನೇ ವಯಸ್ಸಿಗೆ ರೈಲು ಹತ್ತಿ, ಪೂರ್ವ ಕರಾವಳಿಯ ಒಂದು ಗ್ಯಾಸ್ ವಿದ್ಯುತ್ ಕೇಂದ್ರದಲ್ಲಿ ಫಿಟ್ಟರ್ ಆಗಿ ಸೇರಿದ. ಮರುವರ್ಷ ಐಟಿಐ ಗೆಳೆಯ ದೇವಪ್ಪನನ್ನೂ ಅಲ್ಲಿಗೇ ಕರೆಸಿಕೊಂಡ. ದೇವಪ್ಪ ಮಲಪ್ರಭೆ ದಂಡೆಯ ಕೊಣ್ಣೂರಿನವನು, ದೊಡ್ಡ ದನಿಯವನು, ಜಗಳಗಂಟ. ಇಬ್ಬರೂ ಒಂದೇ ಕೋಣೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ರೊಟ್ಟಿ ಬಡಿದುಕೊಂಡು ಉಂಡವರು.

ಅಲ್ಲಿದ್ದದ್ದು ಗ್ಯಾಸ್ ಟರ್ಬೈನು. ಒಂದು ಕಡೆಯಿಂದ ಗಾಳಿ ಎಳೆದು ಒತ್ತುತ್ತದೆ, ಒತ್ತಿದ ಗಾಳಿಯಲ್ಲಿ ಗ್ಯಾಸು ಉರಿಯುತ್ತದೆ, ಆ ಬೆಂಕಿಯ ರಭಸ ಸಾಲಾಗಿ ನಿಂತ ಲೋಹದ ಬ್ಲೇಡುಗಳನ್ನು ತಿರುಗಿಸುತ್ತದೆ, ಅವುಗಳ ಜೊತೆಗೆ ಜನರೇಟರೂ ತಿರುಗುತ್ತದೆ. ಮೊದಲ ಹನ್ನೆರಡು ವರ್ಷ ಅದನ್ನು ಒಮ್ಮೆ ಚಾಲೂ ಮಾಡಿದರೆ ಐದಾರು ತಿಂಗಳು ನಿಲ್ಲಿಸುತ್ತಿರಲಿಲ್ಲ. ಹಗಲು ರಾತ್ರಿ ಒಂದೇ ಹದ, ಒಂದೇ ಬಿಸಿ. ದಾದಾಪೀರ ಗೋಡೆಗೆ ಬೆನ್ನು ಹಚ್ಚಿ ನಿಂತು, ಅದರ ನಡುಕದಿಂದಲೇ ಆರೋಗ್ಯ ಹೇಳುತ್ತಿದ್ದ.

ಆಮೇಲೆ ಗ್ಯಾಸು ಬತ್ತಿತು. ಸಮುದ್ರದಿಂದ ಬರುತ್ತದೆ ಎಂದಿದ್ದ ಗ್ಯಾಸು ಬರಲಿಲ್ಲ. ಹೊರದೇಶದ ಗ್ಯಾಸಿನಿಂದ ಮಾಡಿದ ಕರೆಂಟನ್ನು ಕೊಳ್ಳುವವರಿರಲಿಲ್ಲ. ಯಂತ್ರ ವರ್ಷಗಟ್ಟಲೆ ಮಲಗಿತು. ಅದರ ಉದ್ದನೆಯ ದಂಡ ತನ್ನ ಭಾರಕ್ಕೆ ತಾನೇ ಬಾಗಬಾರದೆಂದು ಆಗಾಗ ನಿಧಾನ ತಿರುಗಿಸಬೇಕು, ಎಣ್ಣೆ ಕಾಯಬೇಕು, ತುಕ್ಕು ಒರೆಸಬೇಕು. ನೂರಾ ನಲವತ್ತು ಜನರಲ್ಲಿ ಇಪ್ಪತ್ತಾರು ಜನ ಉಳಿದರು. ದಾದಾಪೀರ, ದೇವಪ್ಪ ಆ ಇಪ್ಪತ್ತಾರರಲ್ಲಿ ಇದ್ದರು.

ಆ ಮಲಗಿದ ಯಂತ್ರವನ್ನು ಮತ್ತೆ ಎಬ್ಬಿಸಿದ್ದು ಬಿಸಿಲು ಮತ್ತು ಗಾಳಿ. ದೇಶದ ತುಂಬ ಸೋಲಾರು, ಗಜೇಂದ್ರಗಡದ ಗುಡ್ಡದ ಮೇಲಿರುವಂಥ ಗಾಳಿ ಕಂಬಗಳು. ಹಗಲು ಕರೆಂಟಿಗೆ ಬರವಿಲ್ಲ. ಸಂಜೆ ಹೊತ್ತು ಮುಳುಗಿ, ಗಾಳಿಯೂ ಬಿದ್ದು, ಜನ ಮನೆಗೆ ಬಂದು ಎಸಿ, ಫ್ಯಾನು ಹಾಕಿದೊಡನೆ ಕರೆಂಟಿನ ಎಳೆತ ಏರುತ್ತದೆ. ಕಲ್ಲಿದ್ದಲಿನ ಬಾಯ್ಲರು ಬಿಸಿಯಾಗಲು ತಾಸುಗಟ್ಟಲೆ ಬೇಕು. ಗ್ಯಾಸ್ ಟರ್ಬೈನು ಲಗೂ ಏಳುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಸಂಜೆ ಐದಕ್ಕೆ ಎಬ್ಬಿಸು, ಹನ್ನೊಂದಕ್ಕೆ ಮಲಗಿಸು ಎಂದು ಆದೇಶ ಬರತೊಡಗಿತು. ಒಮ್ಮೊಮ್ಮೆ ಬೆಳಿಗ್ಗೆಯೂ ಒಂದು ಸಲ.

“ನಿಮ್ಮೂರ ಗುಡ್ಡದ ಗಾಳಿ ಬಿತ್ತು ನೋಡಲೇ ದಾದಾ, ನಮ್ಮನ್ನ ಎಬ್ಬಿಸಾಕತ್ತಾರ,” ಎಂದು ದೇವಪ್ಪ ನಗುತ್ತ ಹೆಲ್ಮೆಟ್ಟು ಹಾಕಿಕೊಳ್ಳುತ್ತಿದ್ದ. ಯಂತ್ರದ ಪಕ್ಕದ ಪ್ಯಾನೆಲ್ಲಿನಲ್ಲಿ ನಿಂತು ಚಾಲೂ ಮಾಡುವ ಕೆಲಸ ಅವನದು. ಒಳಗೆ ತಪಾಸಣೆ ಮಾಡುವುದು ದಾದಾಪೀರನದು.

ಗಾಳಿಯ ಮೇಲಾಗಲಿ ಬಿಸಿಲಿನ ಮೇಲಾಗಲಿ ದಾದಾಪೀರನಿಗೆ ತಕರಾರಿರಲಿಲ್ಲ. ಅವನ ತಕರಾರು ಕಾಗದದ ಮೇಲಿತ್ತು. ನಿರ್ವಹಣೆಯ ಗುತ್ತಿಗೆ ಹಿಡಿದ ಹೊಸ ಕಂಪನಿ, ಯಂತ್ರ ಇಷ್ಟು ಸಾವಿರ ತಾಸು ಓಡಿದ ಮೇಲೆ ಬಿಚ್ಚಿ ನೋಡುವುದು ಎಂದು ಬರೆದಿತ್ತು. ದಿನಕ್ಕೆ ಐದಾರು ತಾಸು ಓಡುವ ಯಂತ್ರಕ್ಕೆ ಆ ಸಾವಿರಗಳು ತುಂಬುವುದು ಯಾವಾಗ? ತಣ್ಣಗಿದ್ದ ಬ್ಲೇಡು ಏಕಾಏಕಿ ಸಾವಿರ ಡಿಗ್ರಿಗೆ ಹೋಗಿ ಹಿಗ್ಗುತ್ತದೆ, ರಾತ್ರಿ ಆರಿ ಕುಗ್ಗುತ್ತದೆ, ಮರುದಿನ ಮತ್ತೆ ಹಿಗ್ಗುತ್ತದೆ. ಅದನ್ನು ತಿನ್ನುವುದು ಓಟಕ್ಕಿಂತ ಹೆಚ್ಚಾಗಿ ಈ ಏಳುವುದು ಬೀಳುವುದು. ಒಂದು ಮೀಟಿಂಗಿನಲ್ಲಿ ಅವನು ಎದ್ದು ನಿಂತು ಕೇಳಿದ್ದ: “ಗದಗದಿಂದ ಹುಬ್ಬಳ್ಳಿಗೆ ಸೀದಾ ಹೋಗೂ ಬಸ್ಸಿನ ಕ್ಲಚ್ಚು, ರೋಣದ ಓಣ್ಯಾಗ ಮನಿಮನಿಗೆ ನಿಲ್ಲೂ ಹಾಲಿನ ಗಾಡಿ ಕ್ಲಚ್ಚು, ಎರಡೂ ಕಿಲೋಮೀಟರ್ ಎಣಿಸೇ ಬದಲಿ ಮಾಡ್ತೀರೇನ್ರಿ?”

ಕನ್ನಡದಲ್ಲಿ ಕೇಳಿದ್ದಕ್ಕೆ ಕಾರಣವಿತ್ತು. ಆ ಕಂಪನಿಯ ಮ್ಯಾನೇಜರು ಅಮೇಯ, ನರಗುಂದದ ದತ್ತಾತ್ರೇಯ ಮಾಸ್ತರರ ಮಗ. ಮೂವತ್ತಾರರ ಹುಡುಗ. ನಮ್ಮ ಕಡೆಯವನೆಂದು ದಾದಾಪೀರ ಬಲು ಹಿಗ್ಗಿದ್ದ, ಮೊದಲ ದಿನವೇ ಕೋಣೆಗೆ ಕರೆದು ರೊಟ್ಟಿ ಉಣಿಸಿದ್ದ. ಆ ಮೀಟಿಂಗಿನಲ್ಲಿ ಅಮೇಯ ನಕ್ಕು, “ನೀವು ಹೇಳೂದು ಖರೇ ಐತ್ರಿ ಕಾಕಾರ. ಆದ್ರ ಕರಾರಿನ್ಯಾಗ ತಾಸು ಅಂತನ ಐತಿ,” ಎಂದಿದ್ದ.

ಅಷ್ಟಾದರೂ ಹೋದ ವರ್ಷದ ಏಪ್ರಿಲ್‌ನಲ್ಲಿ ಎರಡು ದಿನ ಯಂತ್ರ ನಿಲ್ಲಿಸಿ ಒಂದು ಒಳತಪಾಸಣೆ ನಡೆಯಿತು. ಬಿಚ್ಚದೆಯೇ ಮಾಡುವಂಥದು: ಬೆರಳು ದಪ್ಪದ ಕೊಳವೆಯ ತುದಿಗೆ ಕ್ಯಾಮರಾ ಇರುತ್ತದೆ, ಅದನ್ನು ಸಣ್ಣ ಕಿಂಡಿಯಿಂದ ಒಳಗೆ ಇಳಿಸಿ ಪರದೆಯ ಮೇಲೆ ನೋಡುವುದು. ಮೊದಲ ಸಾಲಿನ ಒಂದು ಬ್ಲೇಡಿನ ಬುಡದಲ್ಲಿ ಕೂದಲೆಳೆಯಂಥ ಗೆರೆ ಕಂಡಿತು. ದಾದಾಪೀರ ಕೊಳವೆಯನ್ನು ಹಿಂದೆ ಮುಂದೆ ಮಾಡಿ, ಬೆಳಕು ತಿರುಗಿಸಿ, ನಾಲ್ಕು ಸಲ ನೋಡಿದ. ಪರದೆಯ ಫೋಟೋವನ್ನು ಮೊಬೈಲಿನಲ್ಲಿ ಹೊಡೆದು ಅಮೇಯನಿಗೆ ಕಳಿಸಿದ. ವರದಿಯಲ್ಲಿ ಬಿರುಕು ಎಂದು ಬರೆದ.

ಹತ್ತು ನಿಮಿಷಕ್ಕೆ ಅಮೇಯನ ಉತ್ತರ ಬಂತು: ಬಿಸಿಯ ಕಲೆ ಇರಬಹುದು, ವರದಿಯಲ್ಲಿ ಹಾಕಬೇಡಿ. ಹಿಂದೆಯೇ ಅವನೂ ಬಂದ. “ಬಿಚ್ಚಿದ್ರ ನಲವತ್ತು ದಿನ ಬೇಕು ಕಾಕಾರ. ಬ್ಯಾಸಗಿ ಮುಗದ ಹೊಕ್ಕೈತಿ. ಮ್ಯಾಲಿನವ್ರು ನನ್ನ ಸುಮ್ನ ಬಿಡ್ತಾರೇನು? ಜೂನ್ ಮುಗೀಲಿ, ನಾನ ನಿಂತು ಬಿಚ್ಚಸ್ತೇನಿ.” ಅವನ ಕೈಯಲ್ಲಿ ಇನ್ನೊಂದು ವರದಿ ಇತ್ತು. ಅದರಲ್ಲಿ ಬಿರುಕಿನ ಮಾತಿರಲಿಲ್ಲ.

ಅಂದು ಸಂಜೆ ಏಳಕ್ಕೆ ದಾದಾಪೀರನ ರೈಲು. ಮರುದಿನ ಮಗಳು ಸಾನಿಯಾಳ ನಿಶ್ಚಿತಾರ್ಥ. ಐದೂ ಮುಕ್ಕಾಲು ಆಗಿತ್ತು, ಆಟೋದವನು ಗೇಟಿನಲ್ಲಿ ಹಾರನ್ ಹೊಡೆಯುತ್ತಿದ್ದ. ದಾದಾಪೀರ ಎರಡು ನಿಮಿಷ ವಾದಿಸಿದ. ಮೂರನೇ ನಿಮಿಷಕ್ಕೆ ನಿಂತಲ್ಲೇ ಸಹಿ ಮಾಡಿ ಓಡಿದ.

ಇದನ್ನು ಅವನು ಯಾರಿಗೂ ಹೇಳಲಿಲ್ಲ. ಹೆಂಡತಿ ಮಕ್ತುಮಬಿಗೂ ಇಲ್ಲ, ಒಂದೇ ಕೋಣೆಯ ದೇವಪ್ಪನಿಗೂ ಇಲ್ಲ. ಹೇಳಿದರೆ ದೇವಪ್ಪ ಸುಮ್ಮನಿರುವ ಗಂಡಲ್ಲ, ಮ್ಯಾನೇಜರನ ಟೇಬಲ್ಲು ಕುಟ್ಟಿ ಕೆಲಸ ಕಳೆದುಕೊಳ್ಳುತ್ತಾನೆ, ಅವನ ಒಳ್ಳೆಯದಕ್ಕೇ ಹೇಳುತ್ತಿಲ್ಲ ಎಂದು ತನಗೆ ತಾನೇ ನಂಬಿಸಿಕೊಂಡ.

ಆರು ವಾರದ ಮೇಲೆ, ಮಗಳ ಮದುವೆ ಮುಗಿದು ಇನ್ನೂ ರಜೆಯ ಮೇಲೆ ಊರಿನಲ್ಲಿದ್ದಾಗ, ಕೇಂದ್ರದಲ್ಲೇ ಕೆಲಸ ಮಾಡುವ ಹಾಲೇಶನ ಫೋನು ಬಂತು. ಸಂಜೆ ಯಂತ್ರ ಎಬ್ಬಿಸುವಾಗ ಬ್ಲೇಡು ಮುರಿದಿದೆ. ಒಂದು ಮುರಿದು ಹಿಂದಿನ ಸಾಲುಗಳನ್ನೆಲ್ಲ ಕೊಚ್ಚಿ ಹಾಕಿದೆ. ಯಂತ್ರ ಅಲುಗಾಡಿ ಎಣ್ಣೆಯ ಪೈಪು ಕಿತ್ತು ಬೆಂಕಿ ಹತ್ತಿದೆ. ದೇವಪ್ಪ ಓಡಿಹೋಗುವ ಬದಲು ಕೈಯಿಂದ ಗ್ಯಾಸಿನ ವಾಲ್ವು ಮುಚ್ಚಲು ಒಳಗೆ ನುಗ್ಗಿದ್ದಾನೆ. ಮುಚ್ಚಿಯೂ ಇದ್ದಾನೆ. ಬಲಗಾಲು ಮೊಣಕಾಲಿನವರೆಗೆ ಸುಟ್ಟಿದೆ, ಎರಡೂ ಕಿವಿ ಹೋಗಿವೆ.

ದಾದಾಪೀರ ಮರುದಿನವೇ ರೈಲು ಹತ್ತಿ ಹೋಗಿ ದವಾಖಾನೆಯಲ್ಲಿ ಹನ್ನೊಂದು ದಿನ ಗೆಳೆಯನ ಬಳಿ ಕೂತ. ಔಷಧಿ ಕುಡಿಸಿದ, ಗಂಜಿ ಉಣಿಸಿದ, ಸಹಿಯ ಮಾತು ಮಾತ್ರ ತೆಗೆಯಲಿಲ್ಲ. ಹೇಳಿದರೂ ಅವನಿಗೆ ಕೇಳುವುದಿಲ್ಲವಲ್ಲ ಎಂಬ ಕೆಟ್ಟ ಸಮಾಧಾನ ಬೇರೆ. ಕೇಂದ್ರ ಬಾಗಿಲು ಹಾಕಿತು. ಗುತ್ತಿಗೆಯವರೆಲ್ಲ ಮನೆಗೆ ಹೋದರು. ಸುಟ್ಟ ಕಾಲಿನ ದೇವಪ್ಪನನ್ನು ಹೆಂಡತಿ ಸುಶೀಲವ್ವ ಕೊಣ್ಣೂರಿಗೆ ಕರೆತಂದಳು.

ಆಗಸ್ಟಿನಲ್ಲಿ ಅಮೇಯ ಗಜೇಂದ್ರಗಡಕ್ಕೆ ಬಂದ. ದಾದಾಪೀರ ಅಂಗಳದಲ್ಲಿ ಯಾರದೋ ಮೋಟರು ಬಿಚ್ಚಿಕೊಂಡು ಕೂತಿದ್ದ. ಅಮೇಯ ಕಾರಿನಿಂದ ಇಳಿದು, ಚಪ್ಪಲಿ ಬಿಟ್ಟು, ಬಗ್ಗಿ ನಮಸ್ಕಾರ ಮಾಡಿದ. ಮಕ್ತುಮಬಿ ಚಹಾ ತಂದಿಟ್ಟಳು.

“ವಿಚಾರಣೆಗೆ ಸಮಿತಿ ಮಾಡ್ಯಾರ್ರಿ ಕಾಕಾರ. ನಿಮ್ಮದೊಂದು ಹೇಳಿಕೆ ಬೇಕು,” ಎಂದು ಇಂಗ್ಲಿಷಿನ ಕಾಗದವೊಂದನ್ನು ಚಾಚಿದ. “ಬರಕೊಂಡ ತಂದೇನಿ. ಇದಾದ ಮ್ಯಾಲೆ ಇನ್ನೊಂದು ಕೇಂದ್ರದಾಗ ನಿಮಗ ಪರ್ಮನೆಂಟ್ ಮಾಡ್ತೇವಿ ಅಂದಾರ.”

ದಾದಾಪೀರ ಎಣ್ಣೆಗೈ ಒರೆಸಿಕೊಂಡು ಒಂದೊಂದೇ ಪದ ಕೂಡಿಸಿ ಓದಿದ. ಏಪ್ರಿಲ್ ತಪಾಸಣೆಯಲ್ಲಿ ಯಾವ ದೋಷವೂ ಕಾಣಲಿಲ್ಲ. ದೇವಪ್ಪ ಎಂಬ ಆಪರೇಟರು ಚಾಲೂ ಮಾಡುವ ಕ್ರಮ ತಪ್ಪಿಸುವುದನ್ನು ನಾನು ಹಿಂದೆಯೂ ಕಂಡಿದ್ದೇನೆ. ಅಲ್ಲಿಗೆ ಬಂದು ಅವನ ಕಣ್ಣು ನಿಂತಿತು. ಮತ್ತೊಮ್ಮೆ ಓದಿದ.

“ಇದು ಯಾರ ಬರದಿದ್ದು?”

“ಆಫೀಸಿನ್ಯಾಗ ಬರದಾರ್ರಿ.”

“ದೇವಪ್ಪ ವಾಲ್ವ್ ಬಂದ್ ಮಾಡಲಿಲ್ಲಾ ಅಂದಿದ್ರ ನೀ ಇವತ್ತ ಯಾವ ಕಂಪನಿ ಕಾರಿನ್ಯಾಗ ಬರ್ತಿದ್ದೀ? ಅವನ ಕಾಲು ಸುಟ್ಟೀರಿ, ಕಿವಿ ತಗೊಂಡೀರಿ, ಈಗ ಅವನ ಹೆಸರ ಸೈತ ಬೇಕೇನು ನಿಮಗ?” ದಾದಾಪೀರನ ದನಿ ಏರಿತು. ಓಣಿಯ ಜನ ಬಾಗಿಲಿಗೆ ಬಂದರು. ಆ ಮನೆಯಿಂದ ಅಂಥ ದನಿ ಅವರು ಎಂದೂ ಕೇಳಿರಲಿಲ್ಲ.

ಅಮೇಯ ಬಾಗಿಲಿನ ಜನರತ್ತ ನೋಡಿದ. ಆದರೂ ಮೆಲ್ಲಗೆ ಹೇಳಿದ: “ಏಪ್ರಿಲ್ ವರದಿ ಮ್ಯಾಲೆ ನಿಮ್ಮ ಸಹಿ ಐತ್ರಿ ಕಾಕಾರ. ನಾ ಬಿದ್ರ ನೀವೂ ಬೀಳ್ತೀರಿ.”

ದಾದಾಪೀರ ಎದ್ದು ನಿಂತ. ಕೈಯಲ್ಲಿ ನಟ್ಟು ಬಿಚ್ಚುವ ದೊಡ್ಡ ಪಾನಾ ಇತ್ತು. ಅದು ಯಾವಾಗ ಕೈಗೆ ಬಂತೋ ಅವನಿಗೆ ತಿಳಿಯದು. ಮಕ್ತುಮಬಿ ನಡುವೆ ಬಂದು ಅವನ ಮುಷ್ಟಿಯಿಂದ ಪಾನಾ ಬಿಡಿಸಿಕೊಂಡಳು. “ನೀ ಹೊಂಡಪಾ,” ಎಂದಳು ಅಮೇಯನಿಗೆ. ಅವನು ಕಾಗದ ಮಡಚಿಕೊಂಡು ಹೋದ. ಕಾರು ಓಣಿ ದಾಟಿದ ಮೇಲೆ ಅವಳು ಗಂಡನ ಕಡೆ ತಿರುಗಿದಳು.

“ಯಾವ ಸಹಿರಿ ಅದು?”

ಅವನು ಹೇಳಿದ. ಆಟೋದವನ ಹಾರನ್ನೂ ಬಿಡದೆ ಎಲ್ಲ ಹೇಳಿದ. ಅವಳು ಕೇಳಿ ಮುಗಿಸಿ, ಮುಟ್ಟದೆ ಬಿಟ್ಟ ಚಹಾದ ಕಪ್ಪನ್ನು ಬಚ್ಚಲಿಗೆ ಚೆಲ್ಲಿದಳು. “ಅವನ ಮ್ಯಾಲೆ ಪಾನಾ ಎತ್ತಿದ್ರಿ. ಸುಶೀಲವ್ವನ ಮುಂದ ಯಾವ ಮಾರಿ ಇಟಗೊಂಡು ನಿಲ್ತೀರಿ?” ಎಂದಳು.

ಬೆಳಗಿನ ಬಸ್ಸಿಗೆ ಅವನು ಹೊರಟ. ರೋಣದಲ್ಲಿ ಬಸ್ಸು ಬದಲಿಸಿ, ನರಗುಂದದಲ್ಲಿ ಮತ್ತೆ ಬದಲಿಸಿ ಕೊಣ್ಣೂರಿಗೆ ಬಂದಾಗ ಹೊತ್ತು ನೆತ್ತಿಗೇರಿತ್ತು. ಹೊಳೆ ತುಂಬಿ ಕೆಂಪಗೆ ಹರಿಯುತ್ತಿತ್ತು, ಸೇತುವೆಯ ಮೇಲೆ ಜನ ನಿಂತು ನೀರು ನೋಡುತ್ತಿದ್ದರು. ದಾರಿಯುದ್ದಕ್ಕೂ ಅವನು ಅಮೇಯನನ್ನು ಬೈದ, ಮೇಲಿನವರನ್ನು ಬೈದ. ಬೈಗುಳ ಮುಗಿದಲ್ಲೆಲ್ಲ ತನ್ನದೇ ಹೆಸರು ಬರುತ್ತಿತ್ತು.

ದೇವಪ್ಪ ಪಡಸಾಲೆಯಲ್ಲಿ ಕಾಲು ಚಾಚಿ ಕೂತಿದ್ದ. ಕಂಪನಿಯ ಪತ್ರ ಅವನಿಗೂ ಬಂದಿತ್ತು: ನಿಮ್ಮ ತಪ್ಪಿನಿಂದ ಅಪಘಾತ, ಪರಿಹಾರದ ಮಾತು ವಿಚಾರಣೆಯ ನಂತರ. ತನ್ನ ದನಿ ತನಗೇ ಕೇಳದ ಕಾರಣ ಅವನು ಈಗ ಮೊದಲಿಗಿಂತ ಜೋರಾಗಿ ಕಿರಚುತ್ತಿದ್ದ. “ನೋಡಲೇ ದಾದಾ, ಕ್ರಮ ತಪ್ಪಿಸೀನಂತ! ಇಪ್ಪತ್ತು ವರ್ಷ ಚಾಲೂ ಮಾಡಿದ ಕೈ ಇದು!”

ಅವನೊಡನೆ ಮಾತಾಡಬೇಕಾದರೆ ಬರೆದು ತೋರಿಸಬೇಕು. ಅದಕ್ಕೆಂದು ಸುಶೀಲವ್ವ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಇಟ್ಟಿದ್ದಳು. ದಾದಾಪೀರ ಒಂದು ಹಾಳೆ ತೆಗೆದುಕೊಂಡ. ನಾಲ್ಕು ಸಾಲು ಬರೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಬರೆದು ಮುಂದೆ ಇಟ್ಟ.

ದೇವಪ್ಪ ಎಂದಿನ ಹಾಗೆ ಗಟ್ಟಿಯಾಗಿ ಓದಿದ. ಒಳಗೆ ಓದಿಕೊಳ್ಳುವುದು ಅವನಿಗೆ ರೂಢಿಯಿರಲಿಲ್ಲ. “ಏಪ್ರಿಲ್‌ದಾಗ ನಾ ಬ್ಲೇಡಿನ್ಯಾಗ ಬಿರಕು ನೋಡಿದ್ದೆ. ಫೋಟೋ ಹೊಡದೆ. ಬಿರಕಿಲ್ಲಾ ಅಂತ ಬರದ ಕಾಗದಕ್ಕ ಸಹಿ ಮಾಡಿದೆ. ನಿನಗ ಹೇಳಲಿಲ್ಲ.” ಆ ದನಿ ಪಡಸಾಲೆ ದಾಟಿ, ಕಟ್ಟೆ ದಾಟಿ, ಎದುರು ಮನೆಯವರೆಗೆ ಹೋಯಿತು. ಕಟ್ಟೆಯ ಮೇಲೆ ಕೂತವರು ಈ ಕಡೆ ತಿರುಗಿದರು.

ಓದಿ ಮುಗಿಸಿದ ಮೇಲೇ ಅದರ ಅರ್ಥ ದೇವಪ್ಪನಿಗೆ ತಾಗಿದ್ದು. ಪಕ್ಕದಲ್ಲಿದ್ದ ತಂಬಿಗೆಯನ್ನು ಎತ್ತಿ ಎಸೆದ. ಅದು ದಾದಾಪೀರನ ಭುಜಕ್ಕೆ ಬಡಿದು ನೀರು ಚೆಲ್ಲಿತು. “ಆರು ವಾರ! ಆರು ವಾರ ದಿನಾ ಸಂಜಿಕೆ ನಾ ಅದರ ಬಾಜೂಕ ನಿಂತೀನಿ! ನೀ ನನ್ನ ಬಾಜೂಕ ಮಲಗಿ ಎದ್ದೀ! ಬಾಯಿ ಇರಲಿಲ್ಲೇನು ನಿನಗ?”

ಸುಶೀಲವ್ವ ಕಿರಚಲಿಲ್ಲ. “ನಿಮ್ಮ ಮಗಳ ನಿಶ್ಚಿತಾರ್ಥಕ್ಕ ನಾ ಬಂದು ಉಂಡೀನಿ ಅಣ್ಣಾ,” ಎಂದಳು. “ಇವರು ಡ್ಯೂಟಿ ಮ್ಯಾಲೆ ಅದಾರ, ಬರಾಕಾಗಲಿಲ್ಲಾ ಅಂದೆ. ಇರ್ಲಿ ತಂಗಿ ಅಂದ್ರಿ. ಆವಾಗ ನಿಮಗ ಗೊತ್ತಿತ್ತು.”

“ಗೊತ್ತಿತ್ತು ತಂಗಿ,” ಎಂದು ಅವನು ಅಳತೊಡಗಿದ.

“ಫೋಟೋ ಐತೇನು ಇನ್ನ?”

“ಐತಿ. ಅವ ಕಳಿಸಿದ ಉತ್ತರಾನೂ ಐತಿ.”

“ಹಂಗಾರ ಅಳೂದು ಬಿಡ್ರಿ. ಹೋಗಿ ಹೇಳ್ರಿ.” ಅವಳು ಗಂಡನ ಮುಂದೆ ಹಾಳೆ ಹಿಡಿದು, ಅಣ್ಣ ವಿಚಾರಣೆಯಲ್ಲಿ ಹೇಳುತ್ತಾರೆ ಎಂದು ಬರೆದಳು. ದೇವಪ್ಪ ಓದಿ ತಲೆ ಅಲ್ಲಾಡಿಸಿದ. “ಬಾಯಿಲೆ ಹೇಳಬ್ಯಾಡಂತ ಹೇಳು. ಬರದು ಕೊಡಲಿ. ಬಾಯಿಮಾತು ನನಗೂ ಕೇಳಂಗಿಲ್ಲ, ಅವರಿಗೂ ಕೇಳಂಗಿಲ್ಲ.”

ಸೆಪ್ಟೆಂಬರಿನಲ್ಲಿ ಸಮಿತಿ ಕೂತಿತು. ಉದ್ದನೆಯ ಟೇಬಲ್ಲು, ಆಚೆ ಮೂವರು ಹಿರಿಯ ಇಂಜಿನಿಯರುಗಳು, ಒಂದು ಮೂಲೆಯಲ್ಲಿ ಕಂಪನಿಯ ವಕೀಲ, ಅವನ ಪಕ್ಕ ತಲೆ ತಗ್ಗಿಸಿದ ಅಮೇಯ. ದಾದಾಪೀರ ಬರೆದದ್ದನ್ನು ಕೊಟ್ಟ, ಮೊಬೈಲಿನ ಫೋಟೋ ತೋರಿಸಿದ, ಅಮೇಯನ ಉತ್ತರ ತೋರಿಸಿದ. ಆಮೇಲೆ ತನ್ನ ದಖ್ಖನಿ ಹಿಂದಿಯಲ್ಲಿ ಮಾತಾಡಿದ.

ಮತ್ತೆ ಚಾಲೂ ಮಾಡಿದ ಮೇಲೆ ಯಂತ್ರ ಓಡಿದ್ದು ಎರಡು ಸಾವಿರ ತಾಸಿನೊಳಗೆ, ಬಿಚ್ಚುವ ಕಾಲವೇ ಬಂದಿರಲಿಲ್ಲ, ಎಂದ ವಕೀಲ.

“ತಾಸು ಕೇಳಬೇಡಿ. ಎಷ್ಟು ಸಲ ಎಬ್ಬಿಸಿದಿರಿ ಅದನ್ನು ಕೇಳಿ. ಮುನ್ನೂರ ಹನ್ನೊಂದು ಸಲ. ಮೊದಲಿನ ಹನ್ನೆರಡು ವರ್ಷ ಕೂಡಿಸಿದರೂ ಅಷ್ಟಾಗಿರಲಿಲ್ಲ. ಕೆಲಸ ಬದಲಿಸಿದಿರಿ, ಕಾಗದ ಬದಲಿಸಲಿಲ್ಲ. ಬದಲಿಸಿದರೆ ಬೇಗ ಬಿಚ್ಚಬೇಕಾಗುತ್ತಿತ್ತು, ಅದಕ್ಕೇ ಬದಲಿಸಲಿಲ್ಲ.”

ನಡುವೆ ಕೂತ ಅಧ್ಯಕ್ಷರು ಕನ್ನಡಕ ತೆಗೆದರು. “ಇಷ್ಟೆಲ್ಲ ಗೊತ್ತಿದ್ದೂ ಸಹಿ ಯಾಕೆ ಮಾಡಿದಿರಿ?”

ಉತ್ತರವನ್ನು ಅವನು ರೈಲಿನಲ್ಲಿ ಹತ್ತು ಬಗೆಯಲ್ಲಿ ಕಟ್ಟಿಕೊಂಡು ಬಂದಿದ್ದ. ಕೆಲಸದ ಹೆದರಿಕೆ, ಮೇಲಿನವರ ಒತ್ತಡ. ಬಾಯಿಗೆ ಬಂದದ್ದು ಬೇರೆ. “ರೈಲಿಗೆ ಹೊತ್ತಾಗಿತ್ತು ಸಾಹೇಬ್.”

ಮೂವರೂ ಬರೆದುಕೊಂಡರು.

ಹೊರಗೆ ಮೆಟ್ಟಿಲ ಬಳಿ ಅಮೇಯ ಹಿಂದೆ ಬಂದ. “ಕಾಕಾರ, ಆ ಫೋಟೋ ನಾ ಮ್ಯಾಲೆ ಕಳಿಸಿದ್ನಿರಿ. ಅದನ್ನ ಹಾಕಬ್ಯಾಡ ಅಂತ ಫೋನ್ ಮಾಡಿ ಹೇಳಿದ್ರು. ನಾ ಖರೇನ ಹೇಳಾಕತ್ತೇನಿ.”

ದಾದಾಪೀರ ತಿರುಗಿ ನಿಂತ. “ಇದನ್ನ ನನ್ನ ಕಿವ್ಯಾಗ ಯಾಕ ಹೇಳ್ತೀಯೋ? ಒಳಗ ಮೂರು ಮಂದಿ ಕುಂತಿದ್ರಲ್ಲ, ಅವರಿಗೆ ಹೇಳಬೇಕಿತ್ತು. ನಾ ನನ್ನ ಹೊಲಸು ಅಷ್ಟು ಮಂದಿ ಮುಂದ ತಗದೇನಿ. ನಿಮ್ಮಪ್ಪ ಮಾಸ್ತರು, ನಿನಗಷ್ಟು ಬರೂದಿಲ್ಲೇನು?”

ಅಮೇಯ ಒಳಗೆ ಹೋಗಲಿಲ್ಲ. ದಾದಾಪೀರ ಕಾದು ನೋಡಿ, ರೈಲು ನಿಲ್ದಾಣಕ್ಕೆ ನಡೆದ.

ಜನವರಿಯಲ್ಲಿ ವರದಿ ಬಂತು. ದೇವಪ್ಪನ ತಪ್ಪಿಲ್ಲ, ಅವನು ವಾಲ್ವು ಮುಚ್ಚದಿದ್ದರೆ ಜನ ಸಾಯುತ್ತಿದ್ದರು, ಅವನ ಚಿಕಿತ್ಸೆ, ಪರಿಹಾರ ಕಂಪನಿಯೇ ಕೊಡತಕ್ಕದ್ದು. ಸುಳ್ಳು ವರದಿಗೆ ಸಹಿ ಮಾಡಿದ ದಾದಾಪೀರ ಇನ್ನು ಮುಂದೆ ತಪಾಸಣೆಯ ಕೆಲಸ ಮಾಡುವಂತಿಲ್ಲ. ಅಮೇಯನಿಗೆ ಒಂದು ನೋಟೀಸು, ಬೇರೆ ಊರಿಗೆ ವರ್ಗ. ಅವನಿಗೆ ಫೋನು ಮಾಡಿದ ಮೇಲಿನವರ ಹೆಸರು ಎಲ್ಲೂ ಇಲ್ಲ. ಅಪಘಾತದ ಮೂಲ ಕಾರಣ, ಮಾಹಿತಿ ವಿನಿಮಯದ ಕೊರತೆ.

ತನಗಾದ ಶಿಕ್ಷೆಯನ್ನು ದಾದಾಪೀರ ಎರಡನೇ ಮಾತಿಲ್ಲದೆ ಒಪ್ಪಿದ. ಆ ಕೊನೆಯ ಸಾಲು ಮಾತ್ರ ಅವನಿಗೆ ನುಂಗಲಾಗಲಿಲ್ಲ. “ಕೊರತಿ ಎಲ್ಲಿ ಇತ್ತು? ನಾ ಕಳಿಸೀನಿ, ಅವ ನೋಡ್ಯಾನ, ಮ್ಯಾಲಿನವ ನೋಡ್ಯಾನ. ಎಲ್ಲಾರಿಗೂ ಮಾಹಿತಿ ಇತ್ತು!” ಎಂದು ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದ. ಸುಶೀಲವ್ವ ಆ ಸಾಲಿನ ಮೇಲೇ ಮೇಲ್ಮನವಿ ಬರೆಸಿದಳು, ಎರಡು ಸಲ ಬರೆಸಿದಳು. ಉತ್ತರ ಇನ್ನೂ ಬಂದಿಲ್ಲ.

ದೇವಪ್ಪನನ್ನು ಕಿವಿಯ ಡಾಕ್ಟರರ ಬಳಿ ಹುಬ್ಬಳ್ಳಿಗೆ ಕರೆದೊಯ್ಯುವುದು ತಿಂಗಳಿಗೊಮ್ಮೆ. ಸುಶೀಲವ್ವ ಕೇಳಿಕೊಂಡಿದ್ದಕ್ಕೆ ದಾದಾಪೀರ ಜೊತೆಗೆ ಹೋಗುತ್ತಾನೆ. ಬಸ್ಸು ಹತ್ತಿಸುತ್ತಾನೆ, ಇಳಿಸುತ್ತಾನೆ. ದೇವಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ನಡೆಯುತ್ತಾನೆ, ಆದರೆ ಮುಖ ನೋಡುವುದಿಲ್ಲ. ಮೊದಲಿನಂತೆ ದಾದಾ ಎಂದೂ ಕರೆದಿಲ್ಲ.

ಈ ಬೇಸಿಗೆಯಲ್ಲಿ ಹಾಲೇಶ ಮತ್ತೆ ಫೋನು ಮಾಡಿದ. ಅವನು ಈಗ ಅದೇ ಕಂಪನಿಯ ಇನ್ನೊಂದು ಕೇಂದ್ರದಲ್ಲಿದ್ದಾನೆ. ಅಲ್ಲಿ ತಾಸಿನ ಬದಲು ಎಬ್ಬಿಸಿದ ಸಲ ಎಣಿಸಿ ಯಂತ್ರ ಬಿಚ್ಚಿದ್ದಾರೆ. ನಾಲ್ಕು ಬ್ಲೇಡಿನ ಬುಡದಲ್ಲಿ ಬಿರುಕು ಸಿಕ್ಕಿದೆ, ನಾಲ್ಕನ್ನೂ ತೆಗೆದು ಹೊಸವು ಹಾಕಿದ್ದಾರೆ.

ದಾದಾಪೀರ ಫೋನು ಇಟ್ಟು ಮಕ್ತುಮಬಿಗೆ ಹೇಳಿದ. ಅವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, “ಚಲೋ ಆತಲ್ಲ. ನೀವು ಹೇಳಿದ್ದ ಖರೇ ಆತು,” ಎಂದಳು.

“ಚಲೋ ಹ್ಯಾಂಗ ಆತು?” ಅವನು ಗೋಡೆಗೆ ಗುದ್ದಿದ. “ನಾಕು ಬ್ಲೇಡು ಬಿಚ್ಚಾಕ ನಲವತ್ತು ದಿನಾನೂ ಹತ್ತಿಲ್ಲಂತ, ಇಪ್ಪತ್ತೆರಡು ದಿನದಾಗ ಮುಗಿಸ್ಯಾರ. ಇಪ್ಪತ್ತೆರಡು ದಿನ! ಅಷ್ಟಕ್ಕ ದೇವಪ್ಪನ ಕಿವಿ ಹೋದ್ವು. ಅಷ್ಟಕ್ಕ ನಾ ಸಹಿ ಮಾಡಿದೆ.”

ಅವಳು ತಟ್ಟೆಗೆ ಬಿಸಿ ರೊಟ್ಟಿ, ಪುಂಡಿಪಲ್ಲೆ ಹಾಕಿ ಮುಂದೆ ತಳ್ಳಿದಳು. “ಸಿಟ್ಟು ಇರ್ಲಿ, ನಾ ಬ್ಯಾಡ ಅನ್ನಂಗಿಲ್ಲ. ಉಂಡು ಸಿಟ್ಟ ಮಾಡ್ರಿ.”

ಅವನು ಉಂಡ. ಕೈ ತೊಳೆದುಕೊಂಡು, ಹಾಲೇಶ ಹೇಳಿದ ಇಪ್ಪತ್ತೆರಡು ದಿನದ ಮಾತನ್ನು ಒಂದು ಹಾಳೆಯಲ್ಲಿ ತಾರೀಖು ಸಮೇತ ಬರೆದ. ಅದನ್ನು ಮೂರನೇ ಮೇಲ್ಮನವಿಗೆ ಸೇರಿಸಬೇಕೆಂದು ಸುಶೀಲವ್ವನಿಗೆ ಫೋನು ಹಚ್ಚಿದ. ಅವಳು ಎತ್ತಿದಳು, ಕೇಳಿದಳು, “ನಾಳೆ ನರಗುಂದಕ್ಕ ಬರ್ರಿ, ವಕೀಲರ ಕಡೆ ಹೋಗೂಣು,” ಎಂದಳು. ಹಿಂದಿನಿಂದ, ಯಾರು ಅದು ಎಂದು ದೇವಪ್ಪ ಕಿರಚುವುದು ಕೇಳಿಸುತ್ತಿತ್ತು.